ಶ್ಲೋಕದಲ್ಲಿ ಹೆಸರಿದೆ, ಪಾಲಿನಲ್ಲಿ ಇಲ್ಲ



"ಆಯುರ್ವೇದಕ್ಕೆ ಜಾತಿ ಇಲ್ಲ, ಅದು ಋಷಿಗಳು ಮನುಕುಲಕ್ಕೆ ಕೊಟ್ಟ ಕೊಡುಗೆ." ಧನ್ವಂತರಿ ಜಯಂತಿಗೆ ಒಂದು ಸಲ, ಯೋಗ ದಿನಕ್ಕೆ ಒಂದು ಸಲ, ಆಫೀಸಿನ ವಾಟ್ಸಾಪ್ ಗ್ರೂಪಿನಲ್ಲಿ ವಾರಕ್ಕೊಂದು ಸಲ ಈ ಮಾತು ಬಂದು ಬೀಳುತ್ತೆ. ಎದುರು ಮಾತಾಡಿದರೆ "ಮೊದಲು ಸಂಸ್ಕೃತ ಕಲಿತು ಬಾ, ಚರಕನನ್ನು ಓದಿ ಆಮೇಲೆ ಮಾತಾಡು" ಅಂತಾರೆ. ಸರಿ ಸ್ವಾಮಿ, ಓದಿದ್ದೀನಿ. ಅದಕ್ಕೇ ಬರೀತಿದ್ದೀನಿ. ಉದ್ದ ಪೋಸ್ಟು, ಸಾವಧಾನವಾಗಿ ಓದಿ.

ನನ್ನ ಅಕ್ಕನ ಮಗಳು ಬಿಎಎಂಎಸ್ ಮಾಡುತ್ತಿದ್ದಾಳೆ. ನಮ್ಮ ಮನೆತನದಲ್ಲಿ ಹೆಸರಿನ ಮುಂದೆ ಡಾಕ್ಟರ್ ಅಂತ ಹಾಕಿಕೊಳ್ಳಲು ಹೊರಟ ಮೊದಲ ಜೀವ ಅವಳು. ಅವಳ ಮೇಜಿನ ಮೇಲಿದ್ದ ಚರಕ ಸಂಹಿತೆಯ ಪ್ರಿಯವ್ರತ ಶರ್ಮರ ಇಂಗ್ಲಿಷ್ ಅನುವಾದ, ಸುಶ್ರುತ ಸಂಹಿತೆಯ ಭಿಷಗ್ರತ್ನರ ಅನುವಾದ ಎರಡನ್ನೂ ತಿಂಗಳುಗಟ್ಟಲೆ ಕೂತು ಓದಿದೆ. ಗೊತ್ತಾಗದ ಕಡೆ ಅವಳನ್ನೇ ಕೇಳಿದೆ. ನಾನು ವೈದ್ಯನಲ್ಲ, ಪಂಡಿತನಲ್ಲ. ಬಿ.ಎ. ಮಾಡಿದ ಗುಮಾಸ್ತ. ಆದರೆ ಫೈಲು ಓದೋದು ಗೊತ್ತು. ನಮ್ಮಲ್ಲಿ ಫೈಲಿನಿಂದ ಬೇಡದ ಹಾಳೆ ಕಿತ್ತು ಬೇಕಾದ ಹಾಳೆ ಮಾತ್ರ ಸಾಹೇಬರ ಮುಂದೆ ಇಟ್ಟರೆ ಇಲಾಖಾ ವಿಚಾರಣೆ ಆಗುತ್ತೆ. ಆಯುರ್ವೇದದ ಪಾಠದಲ್ಲಿ ಅದನ್ನೇ ಮಾಡಿದರೆ ಅದಕ್ಕೆ ಪರಂಪರೆ ಅನ್ನೋ ಹೆಸರು.

ಒಂದು ಮಾತು ಮೊದಲೇ ಹೇಳಿಬಿಡ್ತೀನಿ. ಇದು ಕಷಾಯದ ವಿರುದ್ಧದ ಪೋಸ್ಟ್ ಅಲ್ಲ. ಅಮೃತಬಳ್ಳಿ, ನೆಲನೆಲ್ಲಿ, ಅಳಲೆಕಾಯಿ ನಮ್ಮ ಕೇರಿಗೆ ಯಾರೂ ಹೊಸದಾಗಿ ಹೇಳಿಕೊಡಬೇಕಾಗಿಲ್ಲ. ನನ್ನ ಜಗಳ ಸೊಪ್ಪಿನ ಜೊತೆ ಅಲ್ಲ. ಆ ಸೊಪ್ಪಿನ ಪಹಣಿ ಯಾರ ಹೆಸರಿಗೆ ಆಗಿದೆ ಅನ್ನೋದರ ಜೊತೆ.

ಮೊದಲು, ಈ ವಿದ್ಯೆಯನ್ನು ಯಾರು ಓದಬೇಕು ಅಂತ ಪುಸ್ತಕ ಹೇಳುತ್ತೆ ನೋಡೋಣ. ಚರಕ ಸಂಹಿತೆಯ ಸೂತ್ರಸ್ಥಾನ, 30ನೇ ಅಧ್ಯಾಯ. ಬ್ರಾಹ್ಮಣರು ಜೀವಿಗಳ ಮೇಲಿನ ಅನುಗ್ರಹಕ್ಕಾಗಿ ಓದಬೇಕು, ಕ್ಷತ್ರಿಯರು ರಕ್ಷಣೆಗಾಗಿ, ವೈಶ್ಯರು ಜೀವನೋಪಾಯಕ್ಕಾಗಿ. ಅದಾದ ಮೇಲೆ, ಸಾಮಾನ್ಯವಾಗಿ ಧರ್ಮ, ಅರ್ಥ, ಕಾಮಗಳಿಗಾಗಿ ಎಲ್ಲರೂ ಅನ್ನೋ ಮಾತು ಬರುತ್ತೆ. ಅದೊಂದು ಪದ ಹಿಡ್ಕೊಂಡು "ನೋಡಿ, ಎಲ್ಲರೂ ಅಂದಿದ್ದಾರೆ" ಅಂತ ಕುಣಿಯೋರಿದ್ದಾರೆ. ಆದರೆ ಆ ಮಾತು ಶುರುವಾಗುವುದೇ ಮೂರು ವರ್ಣಗಳ ಹೆಸರು ಹಿಡಿದು. ಮೂರು ಹೆಸರು ಕರೆದು "ಎಲ್ಲರೂ ಬನ್ನಿ" ಅಂದರೆ ಆ ಎಲ್ಲರೂ ಯಾರು ಅಂತ ಊರ ಹಬ್ಬದಲ್ಲಿ ದೂರ ನಿಂತು ನೋಡಿದ ನಮಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಸುಶ್ರುತ ಸಂಹಿತೆ ಇನ್ನೂ ನೇರ. ಸೂತ್ರಸ್ಥಾನದ 2ನೇ ಅಧ್ಯಾಯ ಶಿಷ್ಯನಿಗೆ ಉಪನಯನ ಮಾಡಿ ಸೇರಿಸಿಕೊಳ್ಳುವ ವಿಧಿ. ಅದು ಮೂರು ವರ್ಣದವರಿಗೆ. ಕೊನೆಗೆ ಒಂದು ಮಾತು ಸೇರಿಸಿದ್ದಾರೆ: ಒಳ್ಳೆಯ ಕುಲ, ಒಳ್ಳೆಯ ಗುಣ ಇದ್ದರೆ ಶೂದ್ರನಿಗೂ ಕಲಿಸಬಹುದು, ಆದರೆ ಮಂತ್ರವಿಲ್ಲದೆ, ಉಪನಯನವಿಲ್ಲದೆ. ಅದೂ ಕೆಲವರ ಅಭಿಪ್ರಾಯವಂತೆ. ಅಂದರೆ ಶೂದ್ರನಿಗೆ ಹಿತ್ತಲ ಬಾಗಿಲು. ಪಂಚಮನಿಗೆ? ಬಾಗಿಲಿನ ಮಾತೇ ಇಲ್ಲ.

ಈಗ ಅದೇ ಚರಕ ಸಂಹಿತೆಯ ಮೊದಲ ಅಧ್ಯಾಯಕ್ಕೆ ಬನ್ನಿ. ಕಾಡಿನಲ್ಲಿ ಯಾವ ಗಿಡ ಯಾವುದು, ಅದರ ಹೆಸರೇನು, ಆಕಾರವೇನು ಅಂತ ಬಲ್ಲವರು ಯಾರು? ಗ್ರಂಥವೇ ಉತ್ತರ ಹೇಳುತ್ತೆ: ಮೇಕೆ ಮೇಯಿಸುವವರು, ಕುರಿಗಾಹಿಗಳು, ದನಗಾಹಿಗಳು, ಕಾಡಿನಲ್ಲಿ ವಾಸ ಮಾಡುವ ಇತರರು. ಸುಶ್ರುತ ಸಂಹಿತೆಯ ಸೂತ್ರಸ್ಥಾನ 36ನೇ ಅಧ್ಯಾಯದಲ್ಲೂ ಇದೇ ಮಾತಿದೆ. ಅಲ್ಲಿ ದನಗಾಹಿಗಳ ಜೊತೆ ತಪಸ್ವಿಗಳು, ಬೇಟೆಗಾರರು, ಗೆಡ್ಡೆಗೆಣಸು ತಿಂದು ಬದುಕುವವರೂ ಸೇರಿದ್ದಾರೆ. ಮದ್ದು ಗುರುತಿಸಬೇಕಾದರೆ ಇವರನ್ನು ಕೇಳಬೇಕು.

ಓದಿದಾಗ ನನಗೆ ಸಂತೋಷವಾಯಿತು. ನಮ್ಮವರ ಹೆಸರು ಇಲ್ಲಿದೆ! ಆದರೆ ಚರಕದಲ್ಲಿ ಅದರ ಬೆನ್ನಿಗೇ ಇನ್ನೊಂದು ಮಾತು ಬರುತ್ತೆ. ಬರೀ ಹೆಸರು, ಆಕಾರ ಗೊತ್ತಿದ್ದ ಮಾತ್ರಕ್ಕೆ ಮದ್ದಿನ ತತ್ವ ಗೊತ್ತಾಗಲ್ಲ. ಯಾವುದಕ್ಕೆ, ಯಾವಾಗ, ಹೇಗೆ ಬಳಸಬೇಕು ಅಂತ ಬಲ್ಲವನೇ ನಿಜವಾದ ವೈದ್ಯ. ಬಳಕೆ ತಿಳಿದಿರಬೇಕು ಅನ್ನೋದು ನ್ಯಾಯವಾದ ಮಾತೇ, ಒಪ್ಪೋಣ. ಆದರೆ ಬಳಕೆ ಕಲಿಸುವ ಶಾಲೆಯ ಬಾಗಿಲು ಯಾರಿಗೆ ತೆರೆದಿತ್ತು? ಗಿಡ ತೋರಿಸಿದವನಿಗೆ ಪ್ರವೇಶ ಇಲ್ಲ. ಪ್ರವೇಶ ಇದ್ದವನಿಗೆ ಗಿಡ ಗೊತ್ತಿಲ್ಲ. ಒಬ್ಬನದು ಮಾಹಿತಿ, ಇನ್ನೊಬ್ಬನದು ಜ್ಞಾನ ಅಂತ ಭಾಗ ಮಾಡಿದ ಕೂಡಲೇ ಆಸ್ತಿ ಒಬ್ಬನ ಹೆಸರಿಗೆ ಆಯಿತು. ಈ ಪಾಲುಪಟ್ಟಿ ಇವತ್ತಿಗೂ ಬದಲಾಗಿಲ್ಲ. ಮುಂದೆ ಹೇಳ್ತೀನಿ.

"ಗ್ರಂಥ ಬೇರೆ, ಕೈಗುಣ ಬೇರೆ. ಶಸ್ತ್ರಚಿಕಿತ್ಸೆಯ ಪಿತಾಮಹ ಸುಶ್ರುತ ಇರಲಿಲ್ವಾ?" ಅಂತೀರಿ. ಆ ಪಿತಾಮಹನ ಕತ್ತಿ ಕೊನೆಗೆ ಯಾರ ಕೈಯಲ್ಲಿ ಉಳಿದಿತ್ತು ನೋಡಿ. 1794ರಲ್ಲಿ ಲಂಡನ್ನಿನ ಜಂಟಲ್‌ಮನ್ಸ್ ಮ್ಯಾಗಜೀನ್‌ನಲ್ಲಿ ಒಂದು ಪತ್ರ ಅಚ್ಚಾಯಿತು. ಕವಾಸ್ಜಿ ಎಂಬ ಮರಾಠಾ ರೈತ ಕುಲದವನು ಮೂರನೇ ಮೈಸೂರು ಯುದ್ಧದಲ್ಲಿ ಇಂಗ್ಲಿಷರ ಸೈನ್ಯಕ್ಕೆ ಎತ್ತು ಹೊಡೆಯುತ್ತಿದ್ದ. ಟಿಪ್ಪುವಿನ ಕಡೆಯವರಿಗೆ ಸೆರೆ ಸಿಕ್ಕಿ ಮೂಗು ಮತ್ತು ಒಂದು ಕೈ ಕಳೆದುಕೊಂಡ. ಒಂದು ವರ್ಷಕ್ಕೂ ಮೇಲೆ ಮೂಗಿಲ್ಲದೆ ಇದ್ದವನಿಗೆ ಪುಣೆಯ ಹತ್ತಿರ ಒಬ್ಬಾತ ಹಣೆಯ ಚರ್ಮ ಇಳಿಸಿ ಹೊಸ ಮೂಗು ಕಟ್ಟಿದ. ಅದನ್ನು ಓದಿಯೇ ಲಂಡನ್ನಿನ ಜೋಸೆಫ್ ಕಾರ್ಪ್ಯೂ 1814ರಲ್ಲಿ ಅದೇ ಚಿಕಿತ್ಸೆ ಮಾಡಿದ. ಇವತ್ತಿನ ಪ್ಲಾಸ್ಟಿಕ್ ಸರ್ಜರಿಯ ಚರಿತ್ರೆಯಲ್ಲಿ ಇದು ದೊಡ್ಡ ಅಧ್ಯಾಯ.

ಆ ಮೂಗು ಕಟ್ಟಿದವನು ಯಾರು? ಆ ಪತ್ರದ ಪ್ರಕಾರ ಅವನು ಇಟ್ಟಿಗೆ ಮಾಡುವ ಜಾತಿಯವನು. ಅವನ ಹೆಸರನ್ನು ಯಾರೂ ಬರೆದುಕೊಳ್ಳಲಿಲ್ಲ. ಇನ್ನೊಂದು ವಿಷಯ ನೋಡಿ. ಸುಶ್ರುತ ಸಂಹಿತೆ ಹೇಳುವುದು ಕೆನ್ನೆಯ ಚರ್ಮ ತೆಗೆದು ಮೂಗು ಕಟ್ಟುವ ಕ್ರಮ. ಪುಣೆಯ ಆ ಮನುಷ್ಯ ಬಳಸಿದ್ದು ಹಣೆಯ ಚರ್ಮ. ಅಂದರೆ ಅವನ ವಿದ್ಯೆ ಆ ಶ್ಲೋಕದಿಂದ ಹಾಗೇ ಇಳಿದು ಬಂದದ್ದಲ್ಲ. ಮಣ್ಣು ಕಲಸುವ, ಅಚ್ಚು ಹಾಕುವ ಕೈಗಳು ತಲೆಮಾರುಗಳಿಂದ ಮಾಡಿ ಮಾಡಿ ಬೆಳೆಸಿಕೊಂಡದ್ದು. ಆದರೆ ಇವತ್ತು ಎಲ್ಲ ಭಾಷಣದಲ್ಲೂ ಕವಾಸ್ಜಿಯ ಮೂಗಿನ ಕೀರ್ತಿ ಹೋಗುವುದು ಸುಶ್ರುತನ ಖಾತೆಗೆ. ಇಟ್ಟಿಗೆ ಮಾಡುವವನ ಖಾತೆಯಲ್ಲಿ ಸೊನ್ನೆ.

ಶವಚ್ಛೇದನದ ಕತೆಯೂ ಅಷ್ಟೇ. ಸುಶ್ರುತ ಸಂಹಿತೆಯ ಶಾರೀರಸ್ಥಾನದ 5ನೇ ಅಧ್ಯಾಯದಲ್ಲಿ ಹೆಣವನ್ನು ಹುಲ್ಲಿನಲ್ಲಿ ಸುತ್ತಿ, ಹರಿಯುವ ನೀರಿನಲ್ಲಿ ಏಳು ರಾತ್ರಿ ಇಟ್ಟು, ಆಮೇಲೆ ಮೆಲ್ಲಗೆ ಉಜ್ಜಿ ಪದರ ಪದರವಾಗಿ ನೋಡುವ ಕ್ರಮ ಇದೆ. ಅದ್ಭುತವಾದ ಭಾಗ. ಕಣ್ಣಾರೆ ನೋಡದವನು ಒಳ್ಳೆಯ ಶಸ್ತ್ರವೈದ್ಯ ಆಗಲಾರ ಅನ್ನೋದು ಅದರ ತಿರುಳು. ಹಾಗಿದ್ದರೆ 1836ರಲ್ಲಿ ಕಲ್ಕತ್ತಾ ಮೆಡಿಕಲ್ ಕಾಲೇಜಿನಲ್ಲಿ ಮಧುಸೂದನ ಗುಪ್ತ ಹೆಣಕ್ಕೆ ಕತ್ತಿ ಹಾಕಿದ್ದು ಅಷ್ಟು ದೊಡ್ಡ ಸುದ್ದಿ ಯಾಕಾಯಿತು? ಅವರು ಸಂಸ್ಕೃತ ಕಾಲೇಜಿನಲ್ಲಿ ಆಯುರ್ವೇದ ಕಲಿಸಿದವರು. ಸುಶ್ರುತ ಬಾಯಲ್ಲಿ ಇದ್ದೇ ಇತ್ತು. ಅಡ್ಡ ಬಂದದ್ದು ಮೈಲಿಗೆ. ಮನುಸ್ಮೃತಿ ವೈದ್ಯನ ಮನೆಯ ಅನ್ನವನ್ನು ಕೀವಿಗೆ ಹೋಲಿಸುತ್ತೆ, ಶ್ರಾದ್ಧದ ಪಂಕ್ತಿಯಿಂದ ಅವನನ್ನು ದೂರ ಇಡುತ್ತೆ. ರಕ್ತ, ಕೀವು, ಹೆಣ ಮುಟ್ಟುವವನು ಕೀಳು ಅಂತ ವಿಧಿಸಿದ ಸಮಾಜದಲ್ಲಿ ಶಸ್ತ್ರವಿದ್ಯೆ ಹೇಗೆ ಉಳಿಯುತ್ತೆ? ದೇವಿಪ್ರಸಾದ್ ಚಟ್ಟೋಪಾಧ್ಯಾಯರು 1977ರಲ್ಲಿ ಪ್ರಾಚೀನ ಭಾರತದ ವಿಜ್ಞಾನ ಮತ್ತು ಸಮಾಜದ ಬಗ್ಗೆ ಬರೆದ ಗ್ರಂಥದಲ್ಲಿ ಇದನ್ನೇ ವಾದಿಸಿದ್ದಾರೆ: ನೋಡಿ, ಮುಟ್ಟಿ, ತರ್ಕಿಸಿ ಬೆಳೆದ ವೈದ್ಯಕೀಯದ ಮೇಲೆ ಪುರೋಹಿತಶಾಹಿಯ ಪದರ ಆಮೇಲೆ ಬಂದು ಕೂತಿತು ಅಂತ.

ನಮ್ಮ ಊರುಗಳಲ್ಲಿ ಸತ್ತ ದನ ಎಳೆದು, ಚರ್ಮ ಸುಲಿದು, ಯಾವ ನರ ಎಲ್ಲಿ ಹಾದುಹೋಗಿದೆ, ಯಾವ ಕೀಲು ಹೇಗೆ ಬಿಚ್ಚುತ್ತೆ ಅಂತ ಕೈಯಲ್ಲೇ ಅರಿತಿದ್ದವರು ಯಾರು? ಆ ಕೈಗೆ ಊರು ಕೊಟ್ಟ ಹೆಸರು ಅಸ್ಪೃಶ್ಯ. ನಿಮಗೆ ಅಂಗರಚನೆ ಪುಸ್ತಕದಲ್ಲಿತ್ತು, ನಮಗೆ ಅಂಗೈಯಲ್ಲಿತ್ತು. ಎರಡೂ ಒಂದು ಕಡೆ ಸೇರದ ಹಾಗೆ ಗೋಡೆ ಕಟ್ಟಿದ್ದು ಜಾತಿ. ಅದರ ನಷ್ಟ ನಮಗೊಬ್ಬರಿಗೇ ಅಲ್ಲ, ಈ ದೇಶದ ವೈದ್ಯಕೀಯಕ್ಕೂ ಆಯಿತು.

ಹೆರಿಗೆ ವಿಷಯ ಕೇಳಿ. ಸುಶ್ರುತ ಸಂಹಿತೆಯ ಶಾರೀರಸ್ಥಾನ 10ನೇ ಅಧ್ಯಾಯದಲ್ಲಿ ಬಾಣಂತಿ ಮನೆ ಕಟ್ಟುವ ವಿಧಾನ ಇದೆ. ಬ್ರಾಹ್ಮಣ ಹೆಂಗಸಿಗೆ ಬಿಳಿ ಮಣ್ಣಿನ ಜಾಗ, ಕ್ಷತ್ರಿಯಳಿಗೆ ಕೆಂಪು, ವೈಶ್ಯಳಿಗೆ ಹಳದಿ, ಶೂದ್ರಳಿಗೆ ಕಪ್ಪು. ಮರವೂ ವರ್ಣಕ್ಕೆ ತಕ್ಕ ಹಾಗೆ ಬೇರೆ ಬೇರೆ. ಹೊಟ್ಟೆಯೊಳಗಿನ ಕೂಸಿಗೆ ಜಾತಿ ಗೊತ್ತಿಲ್ಲ, ನೆಲಕ್ಕೆ ಮಾತ್ರ ಗೊತ್ತು! ಚರಕದಲ್ಲಿ ಹೆರಿಗೆ ಮನೆಯ ಹತ್ತಿರ ಅಥರ್ವವೇದ ಬಲ್ಲ ಬ್ರಾಹ್ಮಣರು ಇರಬೇಕು ಅಂತ ಇದೆ. ಅದರ ಜೊತೆಗೆ ಬಹಳ ಹೆತ್ತ, ಅನುಭವ ಇರುವ ಹೆಂಗಸರೂ ಇರಬೇಕು ಅಂತ ಇದೆ. ಕೆಲಸ ಮಾಡಿದವರು ಈ ಎರಡನೆಯವರು. ಕರ್ನಾಟಕದ ಎಷ್ಟೋ ಹಳ್ಳಿಗಳಲ್ಲಿ ಆ ಸೂಲಗಿತ್ತಿ ಬಂದದ್ದು ಕೇರಿಯಿಂದ. ಮಗು ಎತ್ತಿಕೊಡುವಾಗ ಅವಳ ಕೈ ಬೇಕು, ಹನ್ನೊಂದನೇ ದಿನ ಪುಣ್ಯಾಹಕ್ಕೆ ಅವಳು ಅಂಗಳದಾಚೆ. ಪಾವಗಡ ತಾಲ್ಲೂಕಿನ ಸೂಲಗಿತ್ತಿ ನರಸಮ್ಮನವರು ಅಕ್ಷರ ಕಲಿತವರಲ್ಲ. 15 ಸಾವಿರಕ್ಕೂ ಹೆಚ್ಚು ಹೆರಿಗೆ ಮಾಡಿಸಿದ ಆ ತಾಯಿಗೆ 2018ರಲ್ಲಿ ಪದ್ಮಶ್ರೀ ಬಂತು. ಬಹಳ ಸಂತೋಷ. ಆದರೆ ಅವರ ಕೈಗೆ ಗೊತ್ತಿದ್ದದ್ದರಲ್ಲಿ ಒಂದು ಪುಟವಾದರೂ ಪ್ರಸೂತಿತಂತ್ರದ ಪಠ್ಯಕ್ಕೆ ಬಂತಾ? ಶಾಲು ಹೊದಿಸಿದರು, ಪಾಠ ಮಾಡಲಿಲ್ಲ.

ಇನ್ನು ಪ್ರತಿಜ್ಞೆ. 2022ರಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗ ಎಂಬಿಬಿಎಸ್ ಮಕ್ಕಳಿಗೂ ಮಹರ್ಷಿ ಚರಕ ಶಪಥ ಇರಲಿ ಅಂತ ಹೇಳಿತು. ಮಧುರೈ ಸರ್ಕಾರಿ ವೈದ್ಯಕೀಯ ಕಾಲೇಜಿನಲ್ಲಿ ಅದನ್ನು ಬೋಧಿಸಿದ್ದಕ್ಕೆ ತಮಿಳುನಾಡು ಸರ್ಕಾರ ಡೀನ್ ಅವರನ್ನು ಹುದ್ದೆಯಿಂದ ಸರಿಸಿತು, ಕೆಲವೇ ದಿನದಲ್ಲಿ ವಾಪಸ್ ಕೂರಿಸಿತು. ಟಿವಿಯವರಿಗೆ ಅಷ್ಟೇ ಸಾಕಾಯಿತು. ಮೂಲದಲ್ಲಿ ಏನಿದೆ ಅಂತ ಯಾರೂ ಓದಲಿಲ್ಲ. ಚರಕ ಸಂಹಿತೆಯ ವಿಮಾನಸ್ಥಾನ 8ನೇ ಅಧ್ಯಾಯದಲ್ಲಿ ಗುರು ಅಗ್ನಿ, ಬ್ರಾಹ್ಮಣರು, ವೈದ್ಯರ ಎದುರಿಗೆ ಶಿಷ್ಯನಿಗೆ ವಿಧಿಸುವ ಮಾತುಗಳಿವೆ. ಗೋವು ಮತ್ತು ಬ್ರಾಹ್ಮಣರನ್ನು ಮೊದಲಿಟ್ಟು ಎಲ್ಲ ಜೀವಿಗಳ ಒಳಿತು ಬಯಸಬೇಕಂತೆ. ರಾಜ ದ್ವೇಷಿಸುವವರಿಗೆ, ರಾಜನನ್ನು ದ್ವೇಷಿಸುವವರಿಗೆ, ಮಹಾಜನ ದ್ವೇಷಿಸುವವರಿಗೆ ಮದ್ದು ಕೊಡಬಾರದಂತೆ. ಗಂಡನೋ ಮನೆಯ ಯಜಮಾನನೋ ಹತ್ತಿರ ಇಲ್ಲದ ಹೆಂಗಸಿಗೂ ಕೊಡಬಾರದಂತೆ.

ಮಹಾಜನ ದ್ವೇಷಿಸುವವರು ಅಂದರೆ ಹಳ್ಳಿಯಲ್ಲಿ ಯಾರು ಬರ್ತಾರೆ, ಹೇಳಿ. ಬಾವಿ ನೀರು ಮುಟ್ಟಿದವರು, ದೇವಸ್ಥಾನದ ಬಾಗಿಲು ದಾಟಿದವರು, ಕೂಲಿ ಜಾಸ್ತಿ ಕೇಳಿ ಬಹಿಷ್ಕಾರ ಹಾಕಿಸಿಕೊಂಡವರು. ಇವತ್ತು ಓದಿಸುವ ಶಪಥದಲ್ಲಿ ಈ ಸಾಲುಗಳಿಲ್ಲ, ನಿಜ. ತೆಗೆದದ್ದು ಒಳ್ಳೆಯದೇ. ಆದರೆ ತೆಗೆದಿದ್ದೇವೆ, ಯಾಕೆ ತೆಗೆದೆವು ಅಂತ ಹೇಳುವ ಧೈರ್ಯ ಬೇಕು. ತೊಳೆದು ಬಳಿದು ಅದರ ಮೇಲೆ ಮಹರ್ಷಿ ಚರಕ ಅಂತಲೇ ಹೆಸರು ಬರೆದರೆ ಅದು ಫೈಲಿನ ಹಾಳೆ ಕೀಳುವ ಕೆಲಸವೇ.

ಈಗ ತರಗತಿಯೊಳಗೆ ಬನ್ನಿ. ಬಿಎಎಂಎಸ್ ಅಂದರೆ ನಾಲ್ಕೂವರೆ ವರ್ಷ ಓದು, ಒಂದು ವರ್ಷ ಇಂಟರ್ನ್‌ಶಿಪ್. ಮೊದಲ ವರ್ಷದಲ್ಲೇ ಸಂಸ್ಕೃತ ಒಂದು ಕಡ್ಡಾಯ ವಿಷಯ. ನೀಟ್ ಬರೆದು, ವಿಜ್ಞಾನ ಓದಿ ಬಂದ ಮಕ್ಕಳು. ನಮ್ಮ ಹುಡುಗಿ ಮೊದಲ ವಾರ ಶ್ಲೋಕ ಹೇಳುವಾಗ ಉಚ್ಚಾರ ತಪ್ಪಿತು. ಮೇಷ್ಟ್ರು "ಇದೆಲ್ಲ ನಿಮ್ಮ ಕಡೆಯವರ ನಾಲಿಗೆಗೆ ಹೊರಳೋದಲ್ಲ ಬಿಡಮ್ಮ" ಅಂದರಂತೆ. ನಿಮ್ಮ ಕಡೆಯವರು ಅಂದರೆ ಯಾರು ಅಂತ ಅವಳೂ ಕೇಳಲಿಲ್ಲ, ತರಗತಿಯಲ್ಲಿ ಬೇರೆ ಯಾರೂ ಕೇಳಲಿಲ್ಲ. ಎಲ್ಲರಿಗೂ ಗೊತ್ತಿತ್ತು. ಅವಳು ಹಟ ಹಿಡಿದು ಬಾಯಿಪಾಠ ಮಾಡಿದಳು. ಈಗ ನಿದ್ದೆಗಣ್ಣಲ್ಲಿ ಎಬ್ಬಿಸಿದರೂ ಹೇಳ್ತಾಳೆ. "ಅರ್ಥ ಮಾಡಿಕೊಂಡು ಚರ್ಚೆ ಮಾಡೋಕೆ ಟೈಮೇ ಕೊಡಲ್ಲ ಮಾವ, ಶ್ಲೋಕ ಬರೆದರೆ ಮಾರ್ಕ್ಸು" ಅಂತಾಳೆ. ಪ್ರಶ್ನೆ ಮಾಡದೆ ಬಾಯಿಪಾಠ ಮಾಡಿಸುವುದು ವೇದ ಪಾಠಶಾಲೆಯ ಕ್ರಮ. ಡಾಕ್ಟರ್ ತಯಾರು ಮಾಡುವ ಕ್ರಮ ಅಲ್ಲ.

ಬಾಯಿಪಾಠದಲ್ಲೂ ಆಯ್ಕೆ ಇದೆ ನೋಡಿ. ಚರಕ ಸಂಹಿತೆಯ ಸೂತ್ರಸ್ಥಾನ 27ನೇ ಅಧ್ಯಾಯ ಆಹಾರದ್ದು. ಅಲ್ಲಿ ದನದ ಮಾಂಸದ ಗುಣ ಹೇಳಿದೆ. ವಾತದ ಬಾಧೆ, ಹಳೇ ನೆಗಡಿ, ಬಿಟ್ಟು ಬಿಟ್ಟು ಬರುವ ಜ್ವರ, ಒಣಕೆಮ್ಮು, ಆಯಾಸ, ಮೈಯ ಮಾಂಸ ಕರಗಿ ಸೊರಗುವುದು, ಇವಕ್ಕೆಲ್ಲ ಹಿತ. ಸುಶ್ರುತ ಸಂಹಿತೆಯ 46ನೇ ಅಧ್ಯಾಯದಲ್ಲೂ ಉಬ್ಬಸ, ಕೆಮ್ಮು, ನೆಗಡಿ, ಜ್ವರಕ್ಕೆ ಒಳ್ಳೆಯದು ಅಂತಲೇ ಇದೆ. ಅದೇ ಚರಕದ 25ನೇ ಅಧ್ಯಾಯದಲ್ಲಿ ಪ್ರಾಣಿಗಳ ಮಾಂಸದಲ್ಲೆಲ್ಲ ದನದ ಮಾಂಸ ಅಹಿತ ಅಂತಲೂ ಇದೆ. ಎರಡನ್ನೂ ಹೇಳ್ತಿದ್ದೀನಿ, ಬಚ್ಚಿಡೋಕೆ ನನಗೇನೂ ಇಲ್ಲ. ಒಂದು ಕಾಲದ ವೈದ್ಯರು ಒಂದು ಆಹಾರವನ್ನು ಆಹಾರವಾಗಿಯೇ ನೋಡಿ ಗುಣ ದೋಷ ಎರಡನ್ನೂ ಬರೆದಿದ್ದರು ಅನ್ನೋದಕ್ಕೆ ಇದು ಸಾಕ್ಷಿ. ನಮ್ಮ ಹುಡುಗಿಯ ತರಗತಿಯಲ್ಲಿ ಈ ಭಾಗ ಬಂದಾಗ "ಇದು ಪರೀಕ್ಷೆಗೆ ಬರಲ್ಲ, ಮುಂದಿನ ಪುಟ" ಅಂದರಂತೆ. ಈ ರಾಜ್ಯದಲ್ಲಿ 2020ರ ಕಾಯ್ದೆಯ ಪ್ರಕಾರ ಹಸು ಕಡಿದರೆ 3ರಿಂದ 7 ವರ್ಷ ಜೈಲು. ನಮ್ಮ ಅಜ್ಜಿಯರು ಬಾಣಂತಿಗೆ ಕೊಟ್ಟರೆ ಕೊಳಕು ತಿಂಡಿ. ಚರಕ ಬರೆದರೆ ಮುಂದಿನ ಪುಟ. ಬಾಬಾಸಾಹೇಬರು 1948ರ ಅಸ್ಪೃಶ್ಯರ ಕುರಿತ ಗ್ರಂಥದಲ್ಲಿ ಅಸ್ಪೃಶ್ಯತೆಯ ಬೇರು ದನದ ಮಾಂಸದ ಪ್ರಶ್ನೆಯಲ್ಲಿದೆ ಅಂತ ಯಾಕೆ ವಾದಿಸಿದರು ಅಂತ ಆ ತಿರುವಿ ಹಾಕಿದ ಪುಟದಲ್ಲಿ ಗೊತ್ತಾಗುತ್ತೆ.

ಮುಜುಗರದ ಪುಟ ತಿರುವಿ ಹಾಕೋದು ಒಂದು ಚಟ. ಹೊಂದದ ಪುಟವನ್ನು ತಿರುಚಿ ಹೊಂದಿಸೋದು ಇನ್ನೊಂದು ಚಟ. ಚರಕದಲ್ಲಿ ಮನುಷ್ಯನ ಮೂಳೆ 360, ಸುಶ್ರುತದಲ್ಲಿ 300. ಇವತ್ತು ನಾವು ಎಣಿಸುವುದು 206. ಎರಡು ಸಾವಿರ ವರ್ಷದ ಹಿಂದೆ ಅಷ್ಟು ನೋಡಿದ್ದೇ ದೊಡ್ಡದು, ಆಮೇಲೆ ತಿಳಿವಳಿಕೆ ಬೆಳೆಯಿತು ಅಂದರೆ ಮುಗೀತು. ಅದು ಬಿಟ್ಟು ಹಲ್ಲು ಸೇರಿಸಿ, ಮೃದ್ವಸ್ಥಿ ಸೇರಿಸಿ ಋಷಿಗಳ ಲೆಕ್ಕ ಸರಿ ಮಾಡೋದೇ ಪಾಠ ಆಗಿಬಿಟ್ಟಿದೆ. ಇದನ್ನು ನಾನೊಬ್ಬ ಹೊರಗಿನವನು ಹೇಳ್ತಿಲ್ಲ. ಬನಾರಸ್ ಹಿಂದೂ ವಿಶ್ವವಿದ್ಯಾಲಯದ ಆಯುರ್ವೇದ ಪ್ರಾಧ್ಯಾಪಕ ಕಿಶೋರ್ ಪಟವರ್ಧನ್ 2022ರಲ್ಲಿ ಇಂಡಿಯನ್ ಜರ್ನಲ್ ಆಫ್ ಮೆಡಿಕಲ್ ಎಥಿಕ್ಸ್‌ನಲ್ಲಿ ತಮ್ಮ ನಿವೇದನೆಯನ್ನೇ ಬರೆದರು. ಹಳೆಯ ಶರೀರ ಕ್ರಿಯೆಯ ವಿವರಣೆಗಳನ್ನು ಆಧುನಿಕ ವಿಜ್ಞಾನಕ್ಕೆ ಹೊಂದಿಸಿ ಹೇಳುತ್ತಾ ಬಂದದ್ದು ಸರಿಯಲ್ಲ ಅಂತ ಒಪ್ಪಿಕೊಂಡರು. ಆ ಮನುಷ್ಯನಿಗೆ ನನ್ನ ಸಲಾಂ.

ಈಗ ಮುಖ್ಯ ವಿಷಯ. ಇದೆಲ್ಲ ಹಳೇ ಪುಸ್ತಕದ ಜಗಳ, ಹೊಟ್ಟೆಗೆ ಸಂಬಂಧ ಇಲ್ಲ ಅಂತ ನೀವು ಅಂದುಕೊಂಡಿದ್ದರೆ ಇಲ್ಲಿ ಗಮನ ಕೊಡಿ.

1940ರ ಔಷಧ ಮತ್ತು ಕಾಂತಿವರ್ಧಕ ಕಾಯ್ದೆಗೆ ಮೊದಲ ಅನುಸೂಚಿ ಅಂತ ಒಂದಿದೆ. ಅಧಿಕೃತ ಗ್ರಂಥಗಳ ಪಟ್ಟಿ. ಚರಕ, ಸುಶ್ರುತ, ಅಷ್ಟಾಂಗ ಹೃದಯ, ಶಾರ್ಙ್ಗಧರ, ಭಾವಪ್ರಕಾಶ ಹೀಗೆ ಆಯುರ್ವೇದದ ಐವತ್ತಕ್ಕೂ ಹೆಚ್ಚು ಪುಸ್ತಕಗಳು. ಈ ಪುಸ್ತಕದಲ್ಲಿರುವ ಸೂತ್ರದ ಪ್ರಕಾರ ಮಾಡಿದರೆ ಅದು ಆಯುರ್ವೇದ ಔಷಧ. ಇನ್ನೊಂದು ಕಡೆ 2002ರ ಜೀವವೈವಿಧ್ಯ ಕಾಯ್ದೆ. ಕಾಡಿನ ಸಂಪತ್ತು, ಅಲ್ಲಿನ ಜನರ ತಿಳಿವಳಿಕೆ ಬಳಸಿ ಕಂಪನಿ ಲಾಭ ಮಾಡಿದರೆ ಅದರಲ್ಲಿ ಸ್ಥಳೀಯರಿಗೆ ಪಾಲು ಕೊಡಬೇಕು ಅನ್ನೋದು ಅದರ ಆಶಯ. ಉತ್ತರಾಖಂಡದಲ್ಲಿ ದಿವ್ಯ ಫಾರ್ಮಸಿ "ನಾವು ಭಾರತೀಯ ಕಂಪನಿ, ಕೊಡಬೇಕಾಗಿಲ್ಲ" ಅಂತ ಹೈಕೋರ್ಟಿಗೆ ಹೋಯಿತು. 2018ರ ಡಿಸೆಂಬರಿನಲ್ಲಿ ಕೋರ್ಟು ಆ ವಾದ ತಳ್ಳಿಹಾಕಿ, ಕೊಡಲೇಬೇಕು ಅಂದಿತು. ಸುಮಾರು 421 ಕೋಟಿ ವಹಿವಾಟಿನಲ್ಲಿ ಕೇಳಿದ್ದು 2 ಕೋಟಿ ಚಿಲ್ಲರೆ. ಅಷ್ಟಕ್ಕೇ ಅಷ್ಟು ಗಲಾಟೆ.

ಆಮೇಲೆ ಏನಾಯಿತು? 2023ರಲ್ಲಿ ಜೀವವೈವಿಧ್ಯ ಕಾಯ್ದೆಗೆ ತಿದ್ದುಪಡಿ ಬಂತು. ಕ್ರೋಡೀಕೃತ ಸಾಂಪ್ರದಾಯಿಕ ಜ್ಞಾನ ಅನ್ನೋ ಹೊಸ ಮಾತು ಸೇರಿತು. ಆ ಜ್ಞಾನ ಬಳಸುವ ಭಾರತೀಯರು ಜ್ಞಾನ ಹೊಂದಿದವರಿಗೆ ಲಾಭದ ಪಾಲು ಕೊಡಬೇಕಾಗಿಲ್ಲ. ಕ್ರೋಡೀಕೃತ ಅಂದರೆ ಯಾವುದು? 1940ರ ಕಾಯ್ದೆಯ ಮೊದಲ ಅನುಸೂಚಿಯ ಪುಸ್ತಕಗಳಲ್ಲಿ ಇರುವುದು!

ಅರ್ಥ ಆಯ್ತಾ? ನಿಮ್ಮ ತಾತ ತೋರಿಸಿದ ಗಿಡ ಪುಸ್ತಕದಲ್ಲಿ ಬರೆದಾಗಿದ್ದರೆ ನಿಮಗೆ ಪಾಲಿಲ್ಲ, ಅದು ಪರಂಪರೆ. ಪುಸ್ತಕದಲ್ಲಿ ಇಲ್ಲದಿದ್ದರೆ ನೀವು ಅದನ್ನು ಮದ್ದು ಅಂತ ಕೊಡುವ ಹಾಗಿಲ್ಲ, ಅದು ನಾಟಿ. ಸರ್ಟಿಫಿಕೇಟ್ ಇಲ್ಲದ ಪಾರಂಪರಿಕ ವೈದ್ಯರು ವೃತ್ತಿ ಮಾಡುವಂತಿಲ್ಲ ಅಂತ ಕೇರಳದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2018ರಲ್ಲೇ ಹೇಳಿದೆ. ರೋಗಿಯ ಜೀವದ ಪ್ರಶ್ನೆ, ಆ ತೀರ್ಪಿನ ಕಾಳಜಿ ನನಗೆ ಅರ್ಥವಾಗುತ್ತೆ. ಆದರೆ ಚಿಕಿತ್ಸೆ ಮಾಡಬೇಡ ಅಂದವರು ತಿಳಿವಳಿಕೆಯ ಪಾಲಾದರೂ ಕೊಡಬೇಕಲ್ಲ? ಅದೂ ಇಲ್ಲ. ಆ ಹಳೇ ಪಾಲುಪಟ್ಟಿ ಅಂದೆನಲ್ಲ, ಹೆಸರು ಆಕಾರ ಒಬ್ಬನದು, ಬಳಕೆ ಇನ್ನೊಬ್ಬನದು ಅಂತ. ಅದು ಗೆಜೆಟ್‌ನಲ್ಲಿ ಅಚ್ಚಾಗಿ ಬಂದದ್ದು ಹೀಗೆ.

ಬಿಳಿಗಿರಿರಂಗನ ಬೆಟ್ಟದ ಸೋಲಿಗರು ತಲೆಮಾರುಗಳಿಂದ ನೆಲ್ಲಿಕಾಯಿ ಆರಿಸುತ್ತಿದ್ದಾರೆ. ಯಾವ ಮರದಲ್ಲಿ ಎಷ್ಟು ಬಿಡಬೇಕು, ಯಾವಾಗ ಕೀಳಬೇಕು ಅಂತ ಅವರಿಗೆ ಗೊತ್ತು. ಅರಣ್ಯ ಹಕ್ಕು ಕಾಯ್ದೆಯಡಿ 2011ರಲ್ಲಿ ಹೋರಾಡಿ ಸಮುದಾಯದ ಹಕ್ಕು ಪಡೆದರು. ನೆಲ್ಲಿಕಾಯಿಯಿಂದ ಮಾಡುವ ಚ್ಯವನಪ್ರಾಶದ ವಿಧಾನ ಚರಕದಲ್ಲಿದೆ. ಅದರ ಡಬ್ಬಿಯ ಮೇಲೆ ಋಷಿಯ ಚಿತ್ರ ಇರುತ್ತೆ. ಬೆಟ್ಟ ಹತ್ತಿದ ಹೆಂಗಸಿನ ಚಿತ್ರ ಯಾವ ಡಬ್ಬಿಯ ಮೇಲಾದರೂ ನೋಡಿದ್ದೀರಾ?

ಬೇರೆ ಥರ ಮಾಡೋಕೆ ಆಗಲ್ಲ ಅಂತೇನಿಲ್ಲ. ಕೇರಳದ ಅಗಸ್ತ್ಯ ಬೆಟ್ಟದಲ್ಲಿ 1987ರಲ್ಲಿ ಕಾಣಿ ಆದಿವಾಸಿಗಳು ವಿಜ್ಞಾನಿಗಳಿಗೆ ದಣಿವು ಕಳೆಯುವ ಆರೋಗ್ಯಪಚ್ಚೆ ಗಿಡ ತೋರಿಸಿದರು. ತಿರುವನಂತಪುರದ ಉಷ್ಣವಲಯ ಸಸ್ಯೋದ್ಯಾನ ಸಂಸ್ಥೆ ಅದರಿಂದ ಜೀವನಿ ಎಂಬ ಔಷಧ ಮಾಡಿ, ಪರವಾನಗಿ ಹಣ ಮತ್ತು ರಾಯಧನದಲ್ಲಿ ಅರ್ಧ ಕಾಣಿ ಜನರಿಗೆ ಅಂತ ಒಪ್ಪಿಕೊಂಡಿತು. ಅದರಲ್ಲೂ ತೊಡಕುಗಳಿದ್ದವು. ಆದರೂ ತೋರಿಸಿದವರಿಗೆ ಪಾಲು ಅನ್ನೋ ತತ್ವ ಸಾಧ್ಯ ಅಂತ ಈ ದೇಶದಲ್ಲೇ ತೋರಿಸಿದ್ದಾರೆ.

ಇನ್ನು ಕೆಲವು ಪ್ರಶ್ನೆಗಳಿಗೆ ಮೊದಲೇ ಉತ್ತರ.

"ಎಲ್ಲ ದೇಶದ ಹಳೇ ಗ್ರಂಥದಲ್ಲೂ ಇಂಥವು ಇರ್ತವೆ, ಬಿಟ್ಟುಬಿಡಿ." ಬಿಡೋಣ. ಆದರೆ ಬಹಿರಂಗವಾಗಿ ಬಿಡೋಣ. ಇದು ಇತ್ತು, ಇದು ತಪ್ಪು, ಇದನ್ನು ನಾವು ಒಪ್ಪಲ್ಲ ಅಂತ ಪಠ್ಯದಲ್ಲೇ ಬರೆದು ಬಿಡೋಣ. ಮುಚ್ಚಿಟ್ಟದ್ದು ಬಿಟ್ಟ ಹಾಗೆ ಆಗಲ್ಲ.

"ಸಂಸ್ಕೃತ ಕಂಡರೆ ನಿಮಗೆ ಆಗಲ್ಲ." ಬಾಬಾಸಾಹೇಬರಿಗೆ ಶಾಲೆಯಲ್ಲಿ ಸಂಸ್ಕೃತ ಕಲಿಸಲು ಒಪ್ಪಲಿಲ್ಲ, ಪರ್ಷಿಯನ್ ತೆಗೆದುಕೊಂಡರು. ಆಮೇಲೆ ತಾವೇ ಸಂಸ್ಕೃತ ಕಲಿತರು. ಕಲಿತು ಪೂಜೆ ಮಾಡಲಿಲ್ಲ, ಓದಿದರು. ನಾನು ಕೇಳುತ್ತಿರುವುದೂ ಅದನ್ನೇ.

"ಶಾಸ್ತ್ರವನ್ನು ಪ್ರಶ್ನೆ ಮಾಡಬಾರದು." ಹೀಗಂತ ಶಾಸ್ತ್ರವೇ ಹೇಳಿಲ್ಲವಲ್ಲ! ಅಷ್ಟಾಂಗ ಹೃದಯದ ಕೊನೆಯಲ್ಲಿ ವಾಗ್ಭಟ ಕೇಳುತ್ತಾನೆ: ಋಷಿ ಬರೆದದ್ದು ಅನ್ನೋ ಒಂದೇ ಕಾರಣಕ್ಕೆ ಓದೋದಾದರೆ ಚರಕ ಸುಶ್ರುತ ಬಿಟ್ಟು ಭೇಲ ಮೊದಲಾದವರನ್ನು ಯಾಕೆ ಓದಲ್ಲ? ಅವನ ವಾದ ಇಷ್ಟೇ: ಯಾರು ಹೇಳಿದರು ಅನ್ನೋದರ ಮೇಲೆ ಮದ್ದಿನ ಗುಣ ನಿಂತಿಲ್ಲ. ಬುದ್ಧನ ವೈದ್ಯ ಜೀವಕನ ಕತೆಯೂ ಇದೇ ದಾರಿಯದು. ವೇಶ್ಯೆಯ ಮಗನಾಗಿ ಹುಟ್ಟಿ ಕಸದ ರಾಶಿಯಲ್ಲಿ ಬಿದ್ದಿದ್ದ ಕೂಸು ಅದು. ತಕ್ಷಶಿಲೆಯಲ್ಲಿ ಏಳು ವರ್ಷ ಓದಿದ. ಮದ್ದಾಗದ ಗಿಡ ಒಂದು ತಾ ಅಂತ ಗುರು ಕಳಿಸಿದರೆ ಸುತ್ತಿ ಬಂದು ಅಂಥದ್ದು ಒಂದೂ ಸಿಗಲಿಲ್ಲ ಅಂದ. ಅವನ ಕುಲ ಯಾರೂ ಕೇಳಲಿಲ್ಲ. ಆ ಪರಂಪರೆ ನಮ್ಮದೂ ಹೌದು, ಅದನ್ನು ಯಾರಿಗೂ ಬರೆದುಕೊಡಲ್ಲ.

ಬೇಡಿಕೆ ಇಷ್ಟು:

1. ಚರಕ, ಸುಶ್ರುತ, ವಾಗ್ಭಟ ಮೂರನ್ನೂ ಪೂರ್ತಿಯಾಗಿ, ಇತಿಹಾಸದ ಗ್ರಂಥಗಳಾಗಿ ಕಲಿಸಿ. ವರ್ಣದ ಭಾಗ, ಮಾಂಸದ ಭಾಗ, ಮೂಲ ಪ್ರತಿಜ್ಞೆ ಯಾವುದನ್ನೂ ಹಾರಿಸಬೇಡಿ.

2. ಯಾವುದು ಇವತ್ತಿಗೂ ನಿಲ್ಲುತ್ತೆ, ಯಾವುದು ತಪ್ಪು ಅಂತ ಪಾಠದಲ್ಲೇ ಗುರುತಿಸಿ. ಅಂಗರಚನೆ, ಶರೀರ ಕ್ರಿಯೆ ಇವತ್ತಿನ ತಿಳಿವಳಿಕೆಯ ಪ್ರಕಾರ ಕಲಿಸಿ.

3. ಶ್ಲೋಕ ಬಾಯಿಪಾಠಕ್ಕೆ ಮಾರ್ಕ್ಸ್ ಕೊಡುವುದನ್ನು ನಿಲ್ಲಿಸಿ. ಕನ್ನಡದಲ್ಲಿ ಅರ್ಥ ಬರೆದರೂ ಪೂರ್ತಿ ಅಂಕ ಕೊಡಿ.

4. ಸೂಲಗಿತ್ತಿಯರು, ಕುರಿಗಾಹಿಗಳು, ಸೋಲಿಗರು, ಜೇನುಕುರುಬರ ತಿಳಿವಳಿಕೆಯನ್ನು ಅವರ ಹೆಸರಿನಲ್ಲೇ ಪಂಚಾಯಿತಿಯ ಜೀವವೈವಿಧ್ಯ ದಾಖಲಾತಿಯಲ್ಲಿ ಬರೆಸಿ. ಪರೀಕ್ಷಿಸಿ, ನಿಂತದ್ದನ್ನು ಪಠ್ಯಕ್ಕೆ ತನ್ನಿ.

5. 2023ರ ತಿದ್ದುಪಡಿಯ ಕ್ರೋಡೀಕೃತ ಜ್ಞಾನದ ವಿನಾಯಿತಿ ರದ್ದು ಮಾಡಿ. ಪುಸ್ತಕದಲ್ಲಿ ಬರೆದಿದ್ದರೂ ಕಾಡಿನವರ ಪಾಲು ಕಾಡಿನವರಿಗೆ ಕೊಡಿ.

ಕೊನೆಗೆ, ಬಿಎಎಂಎಸ್ ಓದುತ್ತಿರುವ ನಮ್ಮ ಹಟ್ಟಿಯ ಮಕ್ಕಳಿಗೆ ಒಂದು ಮಾತು. ಆ ಪುಸ್ತಕಗಳನ್ನು ಬಿಸಾಕಬೇಡಿ. ಕೈ ಮುಗಿಯಲೂ ಬೇಡಿ. ಮೊದಲ ಪುಟದಿಂದ ಕೊನೆ ಪುಟದವರೆಗೆ ಓದಿ. ಮೇಷ್ಟ್ರು ಮುಂದಿನ ಪುಟ ಅಂದ ಕಡೆ ನಿಂತು ಎರಡು ಸಲ ಓದಿ. ಆಮೇಲೆ ಕೈ ಎತ್ತಿ ಕೇಳಿ: ಸಾರ್, ಈ ಗಿಡದ ಹೆಸರು ನಿಮಗೆ ಹೇಳಿಕೊಟ್ಟವರು ಯಾರು?

ಜೈ ಭೀಮ್.